ನಿಂತೇ ಇರುವ ಎಂಟು ಜನ

ನಂಜನಗೂಡು
18-11-2024

ಮಗಳು ಗಾನವಿಗೆ ನಿನ್ನ ಚಿಕ್ಕಬಸಪ್ಪ ಮಾವ ಬರೆಯುವುದು.

ಕಂಪ್ಯೂಟರ್ ಮುಟ್ಟಿತೆಂದು ಕಂಡಕ್ಟರ್ ದೇವರಾಜು ಹೇಳಿದ. ತನ್ನ ಸೀಟಿನ ಮೇಲೆ ಅದನ್ನು ಕೂರಿಸಿ ತಾನು ನಿಂತುಕೊಂಡೇ ನರಸೀಪುರದವರೆಗೆ ಹೋದನಂತೆ. "ಬಸಪ್ಪಣ್ಣಾ, ನಿಮ್ ಡಬ್ಬ ಕೂತ್ಕೊಂಡ್ ಬಂತು, ನಾನ್ ನಿಂತ್ಕೊಂಡ್ ಬಂದೆ. ಟಿಕೆಟ್ ಯಾರ್ಗೆ ಅರೀಬೇಕು ಏಳಿ" ಅಂದ.

ಅದು ಹೊಸದಲ್ಲ. ಮೈಸೂರಿನ ಯಾವುದೋ ಆಫೀಸಿನವರು ಮಾರಿದ ಹಳೆಯ ಡಬ್ಬ. ಬಿಚ್ಚಿ, ಒರೆಸಿ, ನಾನೇ ಜೋಡಿಸಿದ್ದೇನೆ. ರೇಡಿಯೋ ರಿಪೇರಿಯವನು ಟಿವಿ ಕಲಿತೆ, ಟಿವಿಯಿಂದ ಇದಕ್ಕೆ ಬಂದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಆದ್ದರಿಂದ ಒಳಗೆ ಏನಾದರೂ ತಪ್ಪಿದ್ದರೆ ಬೇರೆಯವರನ್ನು ಬೈಯಲು ನನಗೆ ಅವಕಾಶವಿಲ್ಲ. ನೀನು ಕಾಲೇಜಿನಲ್ಲಿದ್ದಾಗ ಗೆಳತಿಯ ಮನೆಗೆ ಹೋಗಿ ಆಡುತ್ತಿದ್ದೆಯಲ್ಲ, ಮನೆ ಕಟ್ಟಿ ಸಂಸಾರ ಹೂಡುವ ಆಟ, ಅದನ್ನೂ ಹಾಕಿದ್ದೇನೆ.

ಯಾಕೆ ಕಳಿಸಿದೆ ಎಂದು ನಿನಗೂ ಗೊತ್ತು. ಹೋದ ವರ್ಷ ಏಳನೇ ತಿಂಗಳಿಗೆ ಬಿದ್ದಾಗ ಮಗು ಉಳಿಯಲಿಲ್ಲ. ಈ ಸಲ ನಾಲ್ಕು ನಡೆಯುತ್ತಿದೆ. ಡಾಕ್ಟರಮ್ಮ ನನ್ನೆದುರಿಗೇ ಹೇಳಿದ್ದು: ಬಿಸಿಲು ಬೇಡ, ಬೆಂಕಿ ಮುಂದೆ ನಿಲ್ಲುವುದು ಬೇಡ, ಭಾರ ಬೇಡ, ಕೂತಿರಬೇಕು. ನೀನು ಕೂತಿರುವ ಪೈಕಿಯವಳಲ್ಲ. ನನ್ನ ತಂಗಿ, ನಿನ್ನ ಅಮ್ಮ, ಹೋದ ಮೇಲೆ ಹತ್ತನೇ ವಯಸ್ಸಿನಿಂದ ನಮ್ಮ ಮನೆಯಲ್ಲಿ ಬೆಳೆದವಳು, ಒಂದು ದಿನ ಚಾಪೆಯ ಮೇಲೆ ತೆಪ್ಪಗೆ ಕೂತದ್ದನ್ನು ನಾನು ಕಾಣೆ. ಈ ಆಟವಾದರೂ ಕೂರಿಸಲಿ.

ನಾನೇ ಬಂದು ನೋಡಬಹುದಿತ್ತು. ಏಳು ತುಂಬಿ ಸೀಮಂತ ಆಗುವ ತನಕ ತವರಿನವರ ಕಣ್ಣು ಬೀಳಬಾರದು ಎಂದು ನಿನ್ನ ಅತ್ತೆ ರುದ್ರಾಣಮ್ಮ ನೇಮ ಹಾಕಿದ್ದಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ಹೋದ ಸಲ ವಾರಕ್ಕೊಮ್ಮೆ ಬರುತ್ತಿದ್ದವನು ನಾನೇ. ಆ ಮುಳ್ಳು ಒಳಗೆ ಚುಚ್ಚುತ್ತದೆ, ಅದಕ್ಕೆ ಒಪ್ಪಿಕೊಂಡೆ.

ಫೋನು ನನ್ನ ಕಿವಿಗೆ ಆಗುವುದಿಲ್ಲ. ನಲವತ್ತು ವರ್ಷ ಸ್ಪೀಕರಿಗೆ ಕೊಟ್ಟ ಕಿವಿ. ವಾಟ್ಸಾಪಿನಲ್ಲಿ ನೀನು ಹೆಬ್ಬೆಟ್ಟಿನ ಚಿತ್ರ ಕಳಿಸಿ ಮುಗಿಸುತ್ತೀಯ. ಕಾಗದ ಬರೆ. ನಿನ್ನ ವನಿತತ್ತೆ ಕೇಳಿದಳೆಂದು ತಿಳಿ.

ನಿನ್ನ ಮಾವ

*

ತಿ. ನರಸೀಪುರ
27-11-2024

ಮಾವನಿಗೆ ಗಾನವಿಯ ನಮಸ್ಕಾರ.

ಕಂಪ್ಯೂಟರ್ ಕಿಟಕಿ ಪಕ್ಕದ ಮೇಜಿನ ಮೇಲಿದೆ. ನಾನು ಕೂತೇ ಇದ್ದೇನೆ, ಚಿಂತೆ ಬೇಡ.

ಆಟದಲ್ಲಿ ನಮ್ಮ ಮನೆಯನ್ನೇ ಕಟ್ಟಿದೆ. ನಡುಮನೆ, ಹಿತ್ತಿಲು, ಅತ್ತೆಯ ಪೂಜೆ ಕೋಣೆ, ಎಲ್ಲ. ಅತ್ತೆ, ಮಹೇಂದ್ರ ಭಾವ, ಅಕ್ಕ, ಅವರ ಇಬ್ಬರು ಮಕ್ಕಳು, ಇವರು, ನಾನು, ಒಟ್ಟು ಏಳು ಜನ. ಒಂದು ಮನೆಗೆ ಎಂಟು ಜನರಿಗೆ ಮಾತ್ರ ಜಾಗ. ಎಂಟನೆಯವರು ನೀವು. ಜಗುಲಿಯಲ್ಲಿ ಕೂರಿಸಿದ್ದೇನೆ.

ಆದರೆ ಒಂದು ತೊಂದರೆ. ಆಟದ ಗಡಿಯಾರ ಓಡುತ್ತಾ ಇರುತ್ತೆ, ಜನ ಮಾತ್ರ ನಿಂತೇ ಇರುತ್ತಾರೆ. ಇವರಿಗೆ "ಊಟ ಮಾಡು" ಅಂತ ಹೇಳಿದರೆ ಒಂದು ಗಂಟೆ ಕಳೆದ ಮೇಲೆ ಕಾಲೆತ್ತುತ್ತಾರೆ. ಅಷ್ಟರಲ್ಲಿ ಅನ್ನ ಹಳಸಿರುತ್ತೆ. ನಿಜವಾದ ಇವರೂ ಹಾಗೇ ಅಂತ ತಮಾಷೆ ಮಾಡಿದೆ, ನಗಲಿಲ್ಲ. ಏನು ಮಾಡಲಿ?

ಇನ್ನೊಂದು. ಇನ್ನು ಮೇಲೆ ಕಾಗದವನ್ನು ಬಸ್‌ಸ್ಟ್ಯಾಂಡ್ ಪಕ್ಕದ ರವಿಯ ಗೊಬ್ಬರದ ಅಂಗಡಿಗೆ ಹಾಕಿ. ರವಿ ಇವರ ಸ್ನೇಹಿತ. ಮನೆಯಲ್ಲಿ ಮಕ್ಕಳು ಕಾಗದ ಹರಿದು ದೋಣಿ ಮಾಡುತ್ತಾರೆ.

ಗಾನವಿ

*

ನಂಜನಗೂಡು
2-12-2024

ಗಾನೂ,

ನಿನ್ನ ಕಾಗದ ಓದಿ ನನ್ನನ್ನು ಜಗುಲಿಯಲ್ಲಿ ಕೂರಿಸಿದ್ದಕ್ಕೆ ವನಿತಾ ನಕ್ಕಳು. "ಅಲ್ಲೂ ಕೆಲ್ಸ ಇಲ್ವಾ ನಿಮ್ಗೆ" ಅಂದಳು.

ಮೈಸೂರಿನಲ್ಲಿ ಬಿಡಿಭಾಗ ಮಾರುವ ನಾಗೇಂದ್ರನನ್ನು ಕೇಳಿದೆ. ನನಗಿಂತ ಮೂವತ್ತು ವರ್ಷ ಚಿಕ್ಕವನು, ಎಲ್ಲ ತಿಳಿದವನ ಹಾಗೆ ಮಾತಾಡುತ್ತಾನೆ. "ಗೇಮ್ ಅಂದ್ರೆ ಗ್ರಾಫಿಕ್ಸ್ ಕಾರ್ಡು ಸಾ, ಇನ್ನೇನಿಲ್ಲ" ಅಂದ. ಒಂದು ಹಳೆಯ ಕಾರ್ಡು ಕೊಟ್ಟ. ದೇವರಾಜು ಕೈಯಲ್ಲಿ ಕಳಿಸಿದ್ದೇನೆ. ಅಳಿಯ ಬಸವೇಶನ ಕೈಯಲ್ಲಿ ಹಾಕಿಸು, ನೀನು ಬಗ್ಗಬೇಡ. ಕ್ಯಾಬಿನೆಟ್ಟಿನ ಎಡಗಡೆ ಮುಚ್ಚಳ ತೆಗೆದರೆ ಉದ್ದನೆಯ ಖಾಲಿ ಸಂದು ಕಾಣುತ್ತದೆ, ಅಲ್ಲಿ ಒತ್ತಿದರೆ ಟಕ್ ಎನ್ನಬೇಕು.

ಹೋದ ವಾರ ಬಸ್‌ಸ್ಟ್ಯಾಂಡಿನಲ್ಲಿ ಬಸವೇಶನನ್ನು ಕಂಡನಂತೆ ದೇವರಾಜು. "ನಿಮ್ ಅಳೀಮಯ್ಯ ಕರ್ರಗಾಗವ್ರೆ ಕಣಣ್ಣಾ" ಅಂದ. ಕಬ್ಬಿನ ಗದ್ದೆಯಲ್ಲಿ ಬಿಸಿಲು ಜಾಸ್ತಿಯಿರಬೇಕು. ಟೋಪಿ ಹಾಕಿಕೊಳ್ಳಲು ಹೇಳು.

ಊಟ ಸರಿಯಾಗಿ ಮಾಡುತ್ತಿದ್ದೀಯಾ? ಅದರ ಬಗ್ಗೆ ನೀನು ಒಂದಕ್ಷರ ಬರೆದಿಲ್ಲ.

ನಿನ್ನ ಮಾವ

*

ತಿ. ನರಸೀಪುರ
14-12-2024

ಮಾವ,

ಕಾರ್ಡು ಹಾಕಿಸಿದೆ. ಚಿತ್ರ ಬಹಳ ಚೆನ್ನಾಗಿ ಬರುತ್ತೆ. ಅನ್ನದ ಮೇಲಿನ ಹಬೆ ಕೂಡ ಕಾಣುತ್ತೆ. ಆದರೆ ಜನ ಇನ್ನೂ ನಿಂತೇ ಇದ್ದಾರೆ. ಮುಂಚೆಗಿಂತ ಜಾಸ್ತಿಯೇ ಅನ್ನಿ. ಬೆಳಿಗ್ಗೆ ಬೇಗ ಕೂತರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡಾಡುತ್ತಾರೆ, ಹತ್ತು ಗಂಟೆಯಾಯಿತೆಂದರೆ ಎಲ್ಲ ಕಲ್ಲು. ನಿನ್ನೆ ಆಟದೊಳಗಿನ ನಾನು ನಲ್ಲಿ ಮುಂದೆ ನಾಲ್ಕು ಗಂಟೆ ನಿಂತಿದ್ದೆ, ಬಿಂದಿಗೆ ಕೈಯಲ್ಲೇ.

ಡಬ್ಬದೊಳಗೆ ಇರುವೆ ಸೇರಿಕೊಂಡಿವೆ. ಕೆಂಪಿರುವೆ. ಏನು ಮಾಡೋದು?

ಊಟ ಮಾಡುತ್ತಿದ್ದೇನೆ. ಸುಸ್ತು ಇರುತ್ತೆ, ಎಲ್ಲರಿಗೂ ಇರುತ್ತಂತೆ.

ಗಾನವಿ

*

ನಂಜನಗೂಡು
19-12-2024

ಮಗಳೇ,

ತಪ್ಪು ನನ್ನದು. ನಾಗೇಂದ್ರನ ಮಾತು ಕೇಳಿ ಕೆಟ್ಟೆ. ಮೂರು ದಿನ ಅಂಗಡಿಯಲ್ಲಿ ಅದೇ ಆಟ ಹಾಕಿಕೊಂಡು ಕೂತು ನೋಡಿದೆ. ಗಿರಾಕಿಗಳು ನನ್ನನ್ನು ನೋಡಿ ಏನಂದುಕೊಂಡರೋ.

ಒಂದು ಮದುವೆ ಮನೆ ಅಂದುಕೋ. ಗ್ರಾಫಿಕ್ಸ್ ಕಾರ್ಡು ಎನ್ನುವುದು ಚಪ್ಪರದವನು, ಕಣ್ಣಿಗೆ ಚೆಂದ ಮಾಡುವವನು. ಪ್ರೊಸೆಸರ್ ಎನ್ನುವುದು ಅಡುಗೆಯವನು. ಚಪ್ಪರಕ್ಕೆ ಹತ್ತು ಜನ ಬಂದರೂ ಊಟ ಬೇಗ ಏಳುವುದಿಲ್ಲ. ಗುಂಡು ಹಾರಿಸುವ ಆಟಗಳಲ್ಲಿ ಚಪ್ಪರದವನಿಗೆ ಕೆಲಸ ಹೆಚ್ಚು. ನಿನ್ನ ಆಟ ಹಾಗಲ್ಲ. ಎಂಟು ಜನರ ಹಸಿವೆಷ್ಟು, ನಿದ್ದೆಯೆಷ್ಟು, ಯಾರಿಗೆ ಯಾರ ಮೇಲೆ ಮುನಿಸು, ಅಡುಗೆ ಮನೆಗೆ ಯಾವ ಬಾಗಿಲಿಂದ ಹೋಗಬೇಕು, ದಾರಿಯಲ್ಲಿ ಯಾರು ಅಡ್ಡ ನಿಂತಿದ್ದಾರೆ, ಇದೆಲ್ಲವನ್ನೂ ಕ್ಷಣಕ್ಷಣಕ್ಕೂ ಪ್ರೊಸೆಸರ್ ಗುಣಿಸುತ್ತಾ ಇರಬೇಕು. ಜೊತೆಗೆ ಬೀದಿಯಲ್ಲಿ ಹೋಗುವವರದ್ದೂ. ಅದರೊಳಗೆ ಎರಡು ಕೋರ್ ಇವೆ, ಎರಡು ಒಲೆ ಇದ್ದ ಹಾಗೆ. ಆದರೆ ಈ ಆಟ ಮುಖ್ಯ ಅಡುಗೆಯನ್ನೆಲ್ಲ ಒಂದೇ ಒಲೆಯ ಮೇಲೆ ಮಾಡುತ್ತದೆ. ಆ ಒಂದು ಒಲೆ ಚುರುಕಾಗಿಲ್ಲದಿದ್ದರೆ ಗಡಿಯಾರ ಮುಂದೆ ಹೋಗುತ್ತದೆ, ಜನ ಅಪ್ಪಣೆಗೆ ಕಾಯುತ್ತಾ ನಿಲ್ಲುತ್ತಾರೆ.

ಹೊಸ ಪ್ರೊಸೆಸರ್ ಹುಡುಕುತ್ತೇನೆ. ಅಲ್ಲಿಯ ತನಕ ಒಂದು ಉಪಾಯ. ಒಂದೇ ಮನೆಯಲ್ಲಿ ಎಂಟು ಜನ ಇಟ್ಟುಕೊಳ್ಳಬೇಡ. ಎರಡನೇ ಮಗ-ಸೊಸೆಯನ್ನು ಆ ಮನೆಯಿಂದ ಹೊರಗೆ ಹಾಕು. ಊರಾಚೆ ಒಂದು ಸಣ್ಣ ಮನೆ ಮಾಡಿ ಬಿಟ್ಟರಾಯಿತು. ಉಳಿದವರು ಎಷ್ಟು ಸಲೀಸಾಗಿ ಓಡಾಡುತ್ತಾರೆ ನೋಡು. ಅಲ್ಲದೆ ಮನೆ ತುಂಬಿದ್ದರೆ ಆಟದಲ್ಲಿ ಮಗು ಹುಟ್ಟುವುದೇ ಇಲ್ಲವಂತೆ, ಜಾಗ ಬೇಕಂತೆ.

ಇರುವೆ ಬರುವುದು ಮೇಜಿನ ಮೇಲೆ ತಿಂಡಿ ಇಟ್ಟುಕೊಂಡರೆ. ಚಿಕ್ಕಂದಿನ ಬುದ್ಧಿ ಬಿಟ್ಟಿಲ್ಲ ನೀನು.

ನಿನ್ನ ಮಾವ

*

ನಂಜನಗೂಡು
6-1-2025

ಗಾನವಿಗೆ,

ಹದಿನೆಂಟು ದಿನವಾಯಿತು. ನನ್ನ ಕಾಗದ ಮುಟ್ಟಿಲ್ಲವೇ? ರವಿಯ ಅಂಗಡಿಗೆ ದೇವರಾಜುವನ್ನು ಕಳಿಸಿ ಕೇಳಿಸಿದೆ. "ಕೊಟ್ಟಿವ್ನಿ, ಅಕ್ಕಾವ್ರು ಅಲ್ಲೇ ಓದುದ್ರು" ಅಂದನಂತೆ ರವಿ. ಅಕ್ಕಾವ್ರು ಗೊಬ್ಬರದ ಅಂಗಡಿಗೆ ಯಾಕೆ ಬಂದಿದ್ದರು? ಆರನೇ ತಿಂಗಳು ಹತ್ತಿರ ಬಂತು, ಬಸ್‌ಸ್ಟ್ಯಾಂಡಿನ ತನಕ ನೀನು ನಡೆದೆಯಾ?

ಮೈಗೆ ಹುಷಾರಿಲ್ಲವೇ? ಒಂದು ಸಾಲು ಬರೆ. ಹೆಬ್ಬೆಟ್ಟಾದರೂ ಕಳಿಸು.

ಮಾವ

*

ತಿ. ನರಸೀಪುರ
11-1-2025

ಮಾವನವರಿಗೆ,

ನಾನು ಚೆನ್ನಾಗಿದ್ದೇನೆ.

ಆಟದ ಮನೆಯಿಂದ ನಾನು ಯಾರನ್ನೂ ಹೊರಗೆ ಹಾಕುವುದಿಲ್ಲ. ಎಲ್ಲ ನಿಂತೇ ಇರಲಿ, ಕಲ್ಲಾಗಿಯೇ ಇರಲಿ, ಒಂದೇ ಮನೆಯಲ್ಲಿರಲಿ. ಎರಡನೇ ಮಗ-ಸೊಸೆ ಹೋದರೆ ಉಳಿದವರು ಸಲೀಸಾಗಿರುತ್ತಾರೆ ಅಂತ ನೀವೂ ಬರೆದಿರಿ. ನಿಮಗೆ ಯಾರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಯಾರೇ ಹೇಳಿದ್ದರೂ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಹಬ್ಬದ ಕೆಲಸ ಇದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಗಾನವಿ

*

ನಂಜನಗೂಡು
17-1-2025

ನನ್ನ ಕೂಸೇ,

ಸಂಕ್ರಾಂತಿಯ ಎಳ್ಳು-ಬೆಲ್ಲ ಬಾಯಿಗೆ ಹಾಕಿಕೊಂಡರೆ ರುಚಿಯಾಗಲಿಲ್ಲ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನನಗೆ ಯಾರೂ ಏನೂ ಹೇಳಿಲ್ಲ. ಯಾರು ಏನು ಹೇಳಬೇಕಿತ್ತು? ನಾನು ಬರೆದದ್ದು ಆಟದ ಬೊಂಬೆಗಳ ಬಗ್ಗೆ. ವನಿತಾ ಹೇಳುತ್ತಾಳೆ, ಬಸುರಿ ಹೆಂಗಸಿಗೆ ಬೊಂಬೆಯ ಮೇಲೂ ಮಮತೆ ಬರುತ್ತದೆ, ನಿಮಗೆ ತಿಳಿಯುವುದಿಲ್ಲ ಎಂದು. ಹಾಗಿದ್ದರೆ ತಪ್ಪಾಯಿತು. ಎಂಟು ಜನರೂ ಇರಲಿ.

ಹಾಗಾದರೆ ಯಂತ್ರವನ್ನೇ ಸರಿಮಾಡಬೇಕು. ಬೆಳಿಗ್ಗೆ ಚೆನ್ನಾಗಿ ಓಡಿ ಹತ್ತು ಗಂಟೆಗೆ ನಿಲ್ಲುತ್ತದೆ ಎಂದಿದ್ದೆ. ಅದನ್ನು ನಾನು ಆಗ ಸರಿಯಾಗಿ ಓದಿಕೊಳ್ಳಲಿಲ್ಲ. ಪ್ರೊಸೆಸರ್ ನಿಧಾನದ್ದಾಗಿದ್ದರೆ ಬೆಳಿಗ್ಗೆಯೂ ನಿಧಾನವೇ ಇರಬೇಕಿತ್ತು. ಇದು ಕಾವಿನ ತೊಂದರೆ. ಪ್ರೊಸೆಸರ್ ಬಹಳ ಬಿಸಿಯಾದರೆ ಸುಟ್ಟುಹೋಗದ ಹಾಗೆ ತನ್ನ ಓಟವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಯಾರೂ ಹೇಳಬೇಕಾಗಿಲ್ಲ. ಮೂರು ಪಾಲಿನಲ್ಲಿ ಒಂದು ಪಾಲು ಓಡಿದರೆ ಹೆಚ್ಚು. ಅಷ್ಟರಲ್ಲಿ ಎಂಟು ಜನರನ್ನು ನಡೆಸುವುದು ಹೇಗೆ?

ಪರದೆಯ ಮೂಲೆಯಲ್ಲಿ ಥರ್ಮಾಮೀಟರಿನ ಚಿತ್ರವಿದೆ. ಒತ್ತಿದರೆ ಎಷ್ಟು ಡಿಗ್ರಿ, ಎಷ್ಟು ವೇಗ ಎಂದು ಬರುತ್ತದೆ. ನಾಲ್ಕು ದಿನ, ದಿನಕ್ಕೆ ನಾಲ್ಕು ಸಲ, ಗಂಟೆಯ ಜೊತೆಗೆ ಬರೆದು ಕಳಿಸು. ಫ್ಯಾನಿನ ಮೇಲೆ ಏನಾದರೂ ಕೂತಿದ್ದರೆ ಅದನ್ನೂ ಹೇಳು.

ಈ ತಿಂಗಳ ಸ್ಕ್ಯಾನಿಂಗ್ ಆಯಿತೇ?

ಮಾವ

*

ತಿ. ನರಸೀಪುರ
27-1-2025

ಮಾವ,

ಆ ಕಾಗದ ಹಾಗೆ ಬರೆಯಬಾರದಿತ್ತು. ಮನಸ್ಸು ಸರಿಯಿರಲಿಲ್ಲ.

ನೀವು ಹೇಳಿದ ಹಾಗೆ ಬರೆದುಕೊಂಡಿದ್ದೇನೆ. ಗುರುವಾರ ಬೆಳಿಗ್ಗೆ ಆರಕ್ಕೆ 46 ಡಿಗ್ರಿ, ವೇಗ 3.1. ಹತ್ತಕ್ಕೆ 84, ವೇಗ 2. ಒಂದಕ್ಕೆ 97, ವೇಗ 0.9. ಸಂಜೆ ಆರಕ್ಕೆ 71. ಶುಕ್ರವಾರವೂ ಹಾಗೇ, ಒಂದು ಗಂಟೆಗೆ 98 ಇತ್ತು. ಶನಿವಾರ 96, ತಾನೇ ಆರಿಹೋಯಿತು. ಭಾನುವಾರ ಮಾತ್ರ ದಿನವಿಡೀ 50 ದಾಟಲಿಲ್ಲ, ಎಲ್ಲರೂ ಚೆನ್ನಾಗಿ ಓಡಾಡಿದರು. ಅತ್ತೆ ಹೋಳಿಗೆ ಮಾಡಿ ಎಲ್ಲರಿಗೂ ಬಡಿಸಿದರು. ಭಾನುವಾರ ಯಾಕೆ ಹಾಗೆ, ನನಗೆ ತಿಳಿಯಲಿಲ್ಲ.

ಫ್ಯಾನಿನ ರೆಕ್ಕೆಗೆ ಕಂದು ಬಣ್ಣದ ಮಸಿ ಅಂಟಿದೆ. ಒರೆಸಿದರೆ ಹೋಗಲ್ಲ, ಜಿಗುಟು. ಬಿಸಿನೀರಿನ ಬಟ್ಟೆಯಲ್ಲಿ ಒರೆಸಿದೆ.

ಸ್ಕ್ಯಾನಿಂಗ್ ಮುಂದಿನ ವಾರ ಮಾಡಿಸುತ್ತೇವೆ. ಕಾಲು ಸ್ವಲ್ಪ ಊದಿದೆ, ಅಷ್ಟೇ.

ಗಾನವಿ

*

ನಂಜನಗೂಡು
30-1-2025, ಬೆಳಿಗ್ಗೆ

ಗಾನವೀ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ದೇವರಾಜು ರವಿಯ ಕೈಗೆ ಕೊಡುತ್ತಾನೆ, ರವಿ ನಿನ್ನ ಕೈಗೇ ಕೊಡಬೇಕು.

ನರಸೀಪುರದ ನಿಮ್ಮ ಮನೆಯ ಕಿಟಕಿ ಪಕ್ಕದ ಮೇಜು ನನಗೆ ಗೊತ್ತು. ಆ ಕೋಣೆಯಲ್ಲಿ ಜನವರಿಯ ಮಧ್ಯಾಹ್ನ ಯಾವ ಯಂತ್ರವೂ 97ಕ್ಕೆ ಹೋಗುವುದಿಲ್ಲ. ನನ್ನ ಅಂಗಡಿಯಲ್ಲಿ ಅದೇ ಪ್ರೊಸೆಸರ್ ಇಟ್ಟುಕೊಂಡು ನೋಡಿದೆ. ಬಾಗಿಲು ಹಾಕಿ, ಆಟ ಹಾಕಿ, ಪಕ್ಕದಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿದ ಮೇಲೆ 95ಕ್ಕೆ ಬಂತು. ಅಷ್ಟು ಹೊತ್ತಿಗೆ ನನ್ನ ಅಂಗಿ ಹಿಂಡಿದರೆ ನೀರು.

ಬೆಳಿಗ್ಗೆ ತಣ್ಣಗಿದ್ದು, ಒಂಬತ್ತಕ್ಕೆ ಹೊತ್ತಿ, ಸಂಜೆ ಆರುವ ಬೆಂಕಿ. ಭಾನುವಾರ ಹೊತ್ತದ ಬೆಂಕಿ. ರೆಕ್ಕೆಗೆ ಅಂಟುವ ಕಂದು ಮಸಿ. ಡಬ್ಬದೊಳಗೆ ಕೆಂಪಿರುವೆ. ತಿಂಡಿ ಚೆಲ್ಲಿದೆಯೆಂದು ನಿನ್ನನ್ನು ಬೈದೆನಲ್ಲ, ನನ್ನ ಬುದ್ಧಿಗೆ ಬೆಂಕಿ ಬೀಳ. ಅದು ಕುದಿಯುವ ಕಬ್ಬಿನ ಹಾಲಿನ ಆವಿ. ನೀನು ಇರುವುದು ಹೆಮ್ಮಿಗೆ ದಾರಿಯ ನಿಮ್ಮ ಆಲೆಮನೆಯಲ್ಲಿ. ಕೊಪ್ಪರಿಗೆಯ ಗೋಡೆಗೆ ಅಂಟಿಕೊಂಡಿರುವ, ತಗಡು ಹೊದಿಸಿದ ಆ ಕೋಣೆಯಲ್ಲಿ. ಒಂದು ದಿನ ಎರಡು ದಿನದಿಂದಲ್ಲ, ನವೆಂಬರಿನಿಂದ. ಕಾಗದದ ವಿಳಾಸ ಬದಲಾಯಿಸಿದಾಗಿನಿಂದ.

ಎರಡನೇ ಮಗ-ಸೊಸೆಯನ್ನು ಹೊರಗೆ ಹಾಕು ಎಂದು ಬರೆದೆನಲ್ಲ. ನಿನಗೆ ಅದು ಹೇಗೆ ಕೇಳಿಸಿರಬೇಕೆಂದು ಈಗ ತಿಳಿಯಿತು.

ಆ ಕೋಣೆಯಲ್ಲಿ ಮಧ್ಯಾಹ್ನ ನಲವತ್ತೈದು ಡಿಗ್ರಿ ಇರಬೇಕು. ಪ್ರೊಸೆಸರಾದರೂ ಓಟ ತಗ್ಗಿಸಿಕೊಂಡಿತು. ನೀನು ತಗ್ಗಿಸಿಕೊಂಡಿದ್ದೀಯಾ? ನಿಜ ಹೇಳು, ಕೋಣೆಯಲ್ಲಿ ಕೂತಿರುತ್ತೀಯೋ ಕೊಪ್ಪರಿಗೆ ಮುಂದೆ ನಿಂತಿರುತ್ತೀಯೋ? ಇನ್ನು ಹದಿನೈದು ದಿನಕ್ಕೆ ಏಳಕ್ಕೆ ಬೀಳುತ್ತದೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ನೇಮ ಗೀಮ ನನಗೆ ಬೇಡ.

ಮಾವ

*

ಹೆಮ್ಮಿಗೆ ರಸ್ತೆ, ಆಲೆಮನೆ
31-1-2025

ಮಾವ,

ದೇವರಾಜಣ್ಣ ಸಂಜೆ ಬಸ್ಸಿಗೆ ನಿಮಗೆ ಮುಟ್ಟಿಸುತ್ತೇನೆ ಅಂದಿದ್ದಾರೆ. ದಯವಿಟ್ಟು ಬರಬೇಡಿ.

ದೀಪಾವಳಿ ಆದ ಮೇಲೆ ಒಂದು ದಿನ ಊಟಕ್ಕೆ ಕೂತಿದ್ದಾಗ ಅಕ್ಕ ಅತ್ತೆಗೆ ಹೇಳಿದರು, "ಇವ್ಳ್ನ ಕೂರ್ಸಿ ಕೂರ್ಸಿ ಏನ್ ಬಂತು, ಒಂದ್ ಮಗಾ ಎತ್ತು ತೋರುಸ್ಲಿ ಮೊದ್ಲು" ಅಂತ. ಅತ್ತೆ ಏನೂ ಅನ್ನಲಿಲ್ಲ. ಬೈದಿದ್ದರೂ ಇವರು ಸುಮ್ಮನಿರುತ್ತಿದ್ದರೇನೋ. ಅತ್ತೆ ಸುಮ್ಮನಿದ್ದದ್ದೇ ಇವರಿಗೆ ತಡೆಯಲಿಲ್ಲ. ತಟ್ಟೆ ಬಿಟ್ಟು ಎದ್ದರು. "ಈ ಮನೇಲಿ ಒಂದು ಗುಕ್ಕು ನೀರ್ ಕುಡುಯಲ್ಲ" ಅಂದರು. ಕಂಪ್ಯೂಟರ್ ಬಂದ ಮಾರನೇ ದಿನ ಅದನ್ನೂ ನನ್ನನ್ನೂ ಟ್ರಾಕ್ಟರಿನಲ್ಲಿ ಕೂರಿಸಿಕೊಂಡು ಇಲ್ಲಿಗೆ ಬಂದರು. ನಮ್ಮ ಜಗಳ ನಂಜನಗೂಡಿಗೆ ಹೋಗಬಾರದು ಅಂತ ನನ್ನಿಂದ ಮಾತು ತಗೊಂಡರು. ಸಂಬಂಧ ಕೂಡಿಸಿದವರು ನೀವು. ನಿಮ್ಮ ಮುಂದೆ ತಲೆ ತಗ್ಗಿಸಬೇಕಾಗುತ್ತೆ ಅನ್ನೋದೇ ಇವರಿಗೆ.

ಮೊದಲು ನಾನು ಕೋಣೆಯಲ್ಲೇ ಕೂತಿದ್ದೆ. ಸಂಕ್ರಾಂತಿ ಬೆಲ್ಲಕ್ಕೆ ಜನ ಮೇಲೆ ಬೀಳುವ ಹೊತ್ತಿಗೆ ಕೆಲಸದವರಿಬ್ಬರು ಬಿಟ್ಟು ಹೋದರು. ಇವರು ಗಾಣ ನೋಡಬೇಕು, ಒಲೆಗೆ ಕಬ್ಬಿನ ಸಿಪ್ಪೆ ತುಂಬಬೇಕು, ಪಾಕ ನೋಡಬೇಕು. ಒಬ್ಬರೇ. ಕೊಪ್ಪರಿಗೆಯ ಮೇಲಿನ ನೊರೆ ತೆಗೆಯೋದು ಮಾತ್ರ ನಾನು ತಗೊಂಡೆ. ಬೇಡ ಅಂದರು. ಎರಡು ದಿನ ಬೇಡ ಅಂದರು, ಮೂರನೇ ದಿನ ಅನ್ನಲಿಲ್ಲ.

ಆಟದಲ್ಲಿ ಅವರೆಲ್ಲ ಒಟ್ಟಿಗೆ ಊಟಕ್ಕೆ ಕೂರುವುದನ್ನು ನೋಡೋಕೆ ಅಂತಲೇ ಬೆಳಿಗ್ಗೆ ಆರಕ್ಕೆ ಏಳುತ್ತಿದ್ದೆ. ಒಲೆ ಹಚ್ಚೋ ಮುಂಚೆ.

ಇನ್ನೊಂದು ಮಾತು ಯಾರಿಗೂ ಹೇಳಿಲ್ಲ. ಸೋಮವಾರ, ನಿಮಗೆ ಕಾಗದ ಬರೆದ ದಿನವೇ, ಒಂದು ಚೂರು ರಕ್ತದ ಕಲೆ ಕಾಣಿಸಿತು. ಮಾರನೇ ದಿನ ಇರಲಿಲ್ಲ. ಹೋದ ವರ್ಷವೂ ಹೀಗೇ ಶುರುವಾಗಿದ್ದು. ಇವರಿಗೆ ಹೇಳಿದರೆ ಕೊಪ್ಪರಿಗೆ ಒಡೆದು ಹಾಕಿಬಿಡುತ್ತಾರೆ, ಇಲ್ಲ ತಾವೇ ಒಡೆದು ಹೋಗುತ್ತಾರೆ.

ಬರಬೇಡಿ ಅಂತ ಬರೆದೆ. ಬರೆದ ಮೇಲೆ ನೋಡಿದರೆ, ಬಂದರೆ ಸಾಕು ಅನಿಸುತ್ತಿದೆ.

ಗಾನವಿ

*

ಹೆಮ್ಮಿಗೆ ರಸ್ತೆ, ಆಲೆಮನೆ
13-2-2025

ನಂಜನಗೂಡಿನ ನಮ್ಮ ಮನೆಯಲ್ಲಿ ಮಲಗಿರುವ ಮಗಳಿಗೆ, ನಿನ್ನ ಜಾಗದಲ್ಲಿ ನಿಂತಿರುವ ಮಾವ ಬರೆಯುವುದು.

ವನಿತಾ ಬರೆದು ಕಳಿಸಿದಳು. ಐದು ದಿನ ಆಸ್ಪತ್ರೆ, ಈಗ ಮನೆ, ಗರ್ಭದೊಳಗೆ ನೀರು ಕಡಿಮೆಯಿದೆ, ಎದ್ದು ಓಡಾಡುವ ಹಾಗಿಲ್ಲ, 25ಕ್ಕೆ ಮತ್ತೆ ಸ್ಕ್ಯಾನಿಂಗ್. ನೀರು ಹೆಚ್ಚದಿದ್ದರೆ ಏನು ಎಂದು ಅವಳು ಬರೆಯಲಿಲ್ಲ. ನಾನೂ ಕೇಳಲಿಲ್ಲ.

ಆ ಶನಿವಾರ ನಾನು ನಿನ್ನ ಕೈಯಿಂದ ಸೌಟು ಕಿತ್ತುಕೊಂಡು, ನಿನ್ನನ್ನು ದೇವರಾಜುವಿನ ಬಸ್ಸು ಹತ್ತಿಸಿದ ಮೇಲೆ ಬಸವೇಶ ಗಾಣ ನಿಲ್ಲಿಸಿ ಬಂದ. ಕಲೆಯ ವಿಚಾರ ನಾನೇ ಹೇಳಿದೆ. ಒಡೆಯಲೂ ಇಲ್ಲ, ಕೂಗಲೂ ಇಲ್ಲ. ಕಬ್ಬಿನ ರಾಶಿಯ ಮೇಲೆ ಕೂತು, "ಮಾವ, ಅವ್ಳ್ ನಂಗ್ಯಾಕ್ ಏಳ್ಲಿಲ್ಲ" ಅಂತ ಮೂರು ಸಲ ಕೇಳಿದ. ನಿನಗೆ ಹೇಳಬಹುದು ಎನ್ನುವ ಹಾಗೆ ನೀನಿದ್ದೆಯೇನಪ್ಪ ಎಂದೆ. ಆಮೇಲೆ, ಆಸ್ಪತ್ರೆಗೆ ಹೋಗು, ಸಂಜೆ ಬಾ, ಕೊಪ್ಪರಿಗೆ ನಾನು ನೋಡುತ್ತೇನೆ ಎಂದೆ. "ನಿಮ್ಗೆ ಪಾಕ ಗೊತ್ತಾ" ಅಂದ. ರೇಡಿಯೋನೂ ಗೊತ್ತಿರಲಿಲ್ಲ ಎಂದೆ. ಮೊದಲ ಕೊಪ್ಪರಿಗೆ ಹೊತ್ತಿಸಿ ಕಪ್ಪು ಮಾಡಿದೆ. ಎರಡನೆಯದರಿಂದ ಪರವಾಗಿಲ್ಲ. ನಾನು ಅರ್ಧ ಗಂಟೆ ನಿಲ್ಲುತ್ತೇನೆ, ಅರ್ಧ ಗಂಟೆ ಹೊಂಗೆ ಮರದಡಿ ಕೂರುತ್ತೇನೆ, ನೀನು ಹೆದರಬೇಡ.

ಸೋಮವಾರ ಕಬ್ಬು ಬರಲಿಲ್ಲ, ಒಲೆ ಹಚ್ಚಲಿಲ್ಲ. ಕಂಪ್ಯೂಟರಿನ ಮಸಿ ತೆಗೆದು, ಓಡುತ್ತದೋ ಇಲ್ಲವೋ ಎಂದು ನಿನ್ನ ಆಟ ಹಾಕಿದೆ. ಆ ಹೊತ್ತಿಗೆ ನಿನ್ನ ಅತ್ತೆ ಬಂದರು. ಆಟೋ ಮಾಡಿಕೊಂಡು, ಒಬ್ಬರೇ.

"ಇದೇನ್ ಬೀಗ್ರೆ ನಿಮ್ ಅವತಾರ, ವಿಭೂತಿ ಯಾವ್ದು ಬೂದಿ ಯಾವ್ದು ಒಂದೂ ಗೊತ್ತಾಯ್ತಿಲ್ಲ" ಅಂದರು.

ಒಳಗೆ ಕರೆದು ಕೂರಿಸಿದೆ. ಪರದೆ ನೋಡಿದರು. "ಇವ್ಳ್ಯಾರು?"

"ನೀವೇ ಕಣಮ್ಮ."

"ನಾನಿಷ್ಟ್ ದಪ್ಪ ಇವ್ನಾ?"

ಅವರು ಒಬ್ಬೊಬ್ಬರನ್ನೇ ಬೆರಳಿಟ್ಟು ಗುರುತು ಹಿಡಿದರು. ಮಹೇಂದ್ರ, ದೊಡ್ಡ ಸೊಸೆ, ಮಕ್ಕಳು, ಬಸವೇಶ. ನಿನ್ನ ಮೇಲೆ ಬೆರಳು ಬಂದಾಗ ನಿಂತಿತು. ಅವತ್ತು ಯಂತ್ರ ತಣ್ಣಗಿತ್ತು, ಎಲ್ಲರೂ ನಿಜದವರ ಹಾಗೆ ಓಡಾಡುತ್ತಿದ್ದರು. ಪರದೆಯ ರುದ್ರಾಣಮ್ಮ ನಿನ್ನ ತಟ್ಟೆಗೆ ಏನೋ ಬಡಿಸಿದರು. "ಇದ್ನ ನಾನ್ ಮಾಡ್ಸುದ್ನಾ, ಅದೇ ಮಾಡ್ತದಾ?" ಅಂತ ಕೇಳಿದರು. ನಾನು ಕೈ ಕಟ್ಟಿಕೊಂಡು ನಿಂತಿದ್ದೇನೆ, ನೋಡಿ, ಅದೇ ಮಾಡುತ್ತದೆ ಎಂದೆ. ಬಹಳ ಹೊತ್ತು ನೋಡಿದರು.

ಹೊರಗೆ ಬಂದು ಮಗನಿಗೆ, "ನಾಳಿಂದ ಒಲೆ ತಾವ್ಕೆ ಮಹೇಂದ್ರ ಬತ್ತಾನೆ. ಈ ಮುದುಕ್ರುನ್ನ ಕಳ್ಸು, ಇವ್ರು ಸತ್ತೋದ್ರೆ ಆ ಪಾಪ ಬೇರೆ ನಂಗೆ" ಅಂದರು. ಮಂಗಳವಾರ ಮಹೇಂದ್ರ ಬಂದ. ಅಣ್ಣ ಒಲೆಯ ಹತ್ತಿರ, ತಮ್ಮ ಗಾಣದ ಹತ್ತಿರ, ಮಧ್ಯೆ ನಾನು. ಒಬ್ಬರಿಗೊಬ್ಬರು ಮಾತಿಲ್ಲ. "ಸಿಪ್ಪೆ ಸಾಕಾ ಅಂತ ಕೇಳಿ ಮಾವ" ಎಂದು ಇವನು, "ಸಾಕು ಅಂತ ಏಳಿ" ಎಂದು ಅವನು. ನನ್ನ ಕಿವುಡಿನಲ್ಲಿ ಅರ್ಧ ಮಾತು ಅದಲುಬದಲಾಗುತ್ತದೆ, ಆದರೂ ಬೆಲ್ಲ ಆಗುತ್ತಿದೆ. ಇವರಿಬ್ಬರು ನೇರವಾಗಿ ಬೈದಾಡಿಕೊಳ್ಳುವ ತನಕ ನಾನು ಇಲ್ಲಿಂದ ಕದಲುವುದಿಲ್ಲ.

ನೀನು ಕದಲಬೇಡ. ಈ ಸಲ ಏನನ್ನೂ ಮುಚ್ಚಿಡದೆ ಬರೆ, ಕೆಟ್ಟದ್ದಾದರೂ.

ಮಾವ

*

ನಂಜನಗೂಡು
26-2-2025, ಶಿವರಾತ್ರಿ, ಮಧ್ಯಾಹ್ನ

ಮಾವ,

ಮುಚ್ಚಿಡದೆ ಬರೆಯುತ್ತೇನೆ. ನಿನ್ನೆ ಸ್ಕ್ಯಾನಿಂಗ್ ಆಯಿತು. ನೀರು ಸ್ವಲ್ಪ ಹೆಚ್ಚಿದೆ, ಸಾಲದು. ಮಗು ತೂಕದಲ್ಲಿ ಸಣ್ಣದು. ಡಾಕ್ಟರಮ್ಮ ಒಂದು ಕೆಲಸ ಕೊಟ್ಟಿದ್ದಾರೆ. ಊಟವಾದ ಮೇಲೆ ಎಡಮಗ್ಗುಲಿಗೆ ಮಲಗಿ ಮಗು ಎಷ್ಟು ಸಲ ಅಲ್ಲಾಡುತ್ತೆ ಎಣಿಸಬೇಕು. ಎರಡು ಗಂಟೆಯೊಳಗೆ ಹತ್ತು ಬರಬೇಕು. ಬರದಿದ್ದರೆ ಏನೂ ಯೋಚನೆ ಮಾಡದೆ ನೇರ ಆಸ್ಪತ್ರೆಗೆ ಬಾ ಅಂದಿದ್ದಾರೆ. ಹೋದ ವರ್ಷ ಇದೇ ವಾರದಲ್ಲಿ ಅಲ್ಲಾಡುವುದು ನಿಂತಿತ್ತು. ನಾನು ಎಣಿಸಿರಲಿಲ್ಲ.

ಮನೆಯಲ್ಲೆಲ್ಲ ಉಪವಾಸ. ನನಗೆ ಮಾತ್ರ ವನಿತತ್ತೆ ಅನ್ನ-ಸಾರು ಮಾಡಿ, "ಶಿವಂಗೆ ನಾನ್ ಏಳ್ತೀನಿ, ನೀನ್ ತಿನ್ನು" ಅಂತ ಎದುರಿಗೆ ಕೂತು ತಿನ್ನಿಸಿದರು. ಒಂದು ಗಂಟೆಗೆ ಮಲಗಿದೆ. ಸುಮ್ಮನೆ ಎಣಿಸುತ್ತಾ ಇದ್ದರೆ ಹೆದರಿಕೆಯಾಗುತ್ತೆ, ಅದಕ್ಕೆ ನಿಮಗೆ ಬರೆಯುತ್ತಾ ಎಣಿಸುತ್ತೇನೆ.

ಒಂದು.

ಇವರು ಭಾನುವಾರ ಬಂದಿದ್ದರು. ಬಾಗಿಲಲ್ಲೇ ನಿಂತು, "ಏನೇ ಆದ್ರೂ ಮೊದ್ಲು ನಂಗ್ ಏಳು" ಅಂದರು. ಹೇಳುತ್ತೇನೆ ಅಂದೆ.

ಎರಡು. ಮೂರೂ ಜೊತೆಗೇ ಬಂತು.

ಅತ್ತೆ ಯಾವಾಗ ಬರುತ್ತಾರೋ ಗೊತ್ತಿಲ್ಲ. ಬಂದರೆ ಏನು ಮಾತಾಡಬೇಕೆಂದೂ ಗೊತ್ತಿಲ್ಲ. ಅವರು ಅವತ್ತು ಸುಮ್ಮನಿದ್ದದ್ದನ್ನು ನಾನು ಇನ್ನೂ ಮರೆತಿಲ್ಲ, ಮರೆಯುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ.

ನಾಲ್ಕು. ಐದು.

ಗಂಟೆ ಒಂದೂ ಮುಕ್ಕಾಲು.

ಆರು. ಇದು ಪಕ್ಕೆಲುಬಿನ ಹತ್ತಿರ.

ಎರಡೂ ಕಾಲು ಆಯಿತು. ಆರೇ ಇದೆ. ವನಿತತ್ತೆ ಒಳಗೆ ಬಂದು ನನ್ನ ಮುಖ ನೋಡಿ ಒಂದು ಲೋಟ ತಣ್ಣನೆ ಎಳನೀರು ಕೊಟ್ಟು ಹೋದರು. ಹೊರಗೆ ಫೋನಿನಲ್ಲಿ ಆಟೋದವನನ್ನು ಇರೋಕೆ ಹೇಳುತ್ತಿದ್ದಾರೆ, ಸಣ್ಣ ದನಿಯಲ್ಲಿ, ನನಗೆ ಕೇಳಬಾರದು ಅಂತ.

ಎರಡೂವರೆ. ಇವರಿಗೆ ಫೋನ್ ಮಾಡಿದೆ, ಮೊದಲು ಹೇಳುತ್ತೇನೆ ಅಂದಿದ್ದೆನಲ್ಲ. ಆರೇ ಇದೆ ಅಂದೆ. ಇವರು ಫೋನ್ ಇಡಲಿಲ್ಲ. ಹಿಂದೆ ಗಾಣದ ಸದ್ದು ಕೇಳುತ್ತಿತ್ತು, ಅದು ನಿಂತಿತು. ಈಗ ಫೋನ್ ಹೊಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಏಳು.

ಏಳು ಅಂತ ಜೋರಾಗಿ ಹೇಳಿದೆ. ಆ ಕಡೆಯಿಂದ ಇವರು "ಏಳು" ಅಂದರು. ಅವರ ಹಿಂದೆ ಇನ್ನೊಂದು ದನಿ, "ಏಟಂತೆ?" ಅಂತ ಕೇಳಿತು. ಅದು ಮಹೇಂದ್ರ ಭಾವನದು. "ಏಳು ಕಣಣ್ಣಾ" ಅಂದರು ಇವರು.

ಎಂಟು, ಎರಡೂ ನಲವತ್ತಕ್ಕೆ.

ಒಂಬತ್ತು.

ಎರಡೂ ಐವತ್ತೆರಡು. ಹತ್ತು. ಗಟ್ಟಿಯಾಗಿ ಒದೆಯಿತು ಮಾವ, ಕಾಗದವೇ ಅಲ್ಲಾಡಿತು.

ಆಟೋದವನು ಹೊರಗೆ ನಿಂತಿದ್ದಾನೆ. ವನಿತತ್ತೆ ಅವನಿಗೆ ಪಾನಕ ಕೊಡುತ್ತಿದ್ದಾರೆ.

ಹನ್ನೊಂದು. ಇದನ್ನು ಡಾಕ್ಟರಮ್ಮ ಕೇಳಿರಲಿಲ್ಲ.

ಗಾನವಿ